ಪಾಠ ಕೇಳುವವರಲ್ಲಿ ನೊಂದವರೂ ಇದ್ದಾರೆ

(ನಿವೃತ್ತಿಯ ನಂತರವೂ ವಾರಕ್ಕೊಮ್ಮೆ ಕಾಲೇಜಿಗೆ ಬಂದು ಕ್ಲಿನಿಕ್ ತೆಗೆದುಕೊಳ್ಳುವ ಶಸ್ತ್ರಚಿಕಿತ್ಸಾ ಪ್ರಾಧ್ಯಾಪಕರು; ಅವರ ಹಳೆಯ ವಿದ್ಯಾರ್ಥಿನಿ, ಈಗ ಅದೇ ಕಾಲೇಜಿನಲ್ಲಿ ಫೊರೆನ್ಸಿಕ್ ಮೆಡಿಸಿನ್ ಕಲಿಸುವ ಅಧ್ಯಾಪಕಿ. ಇಬ್ಬರ ನಡುವೆ ನಡೆದ ಮಾತು.)

ಸರ್ಜನ್: ಲೈಂಗಿಕ ಅಪರಾಧಗಳ ಪಾಠ ಶುರು ಮಾಡುವ ಮೊದಲು ‘ಕೂರಲಾಗದವರು ಎದ್ದು ಹೋಗಬಹುದು’ ಅಂತ ತರಗತಿಗೆ ಹೇಳುತ್ತೀಯಂತೆ. ಕೇಳಿದಾಗಿನಿಂದ ನನಗೆ ಸಮಾಧಾನವಿಲ್ಲಮ್ಮ. ರಾತ್ರಿ ಎರಡು ಗಂಟೆಗೆ ಕ್ಯಾಶುವಾಲ್ಟಿಗೆ ಬರುವ ಕೇಸು ಡಾಕ್ಟರ ಮನಸ್ಸು ಹೇಗಿದೆ ಅಂತ ವಿಚಾರಿಸಿಕೊಂಡು ಬರುತ್ತದೆಯೇ? ನೋಡಲಾರೆ ಅನ್ನುವುದನ್ನು ವೈದ್ಯನಾಗುವವನು ಈಗಲೇ ಕಲಿತುಬಿಟ್ಟರೆ ರೋಗಿಯ ಗತಿ ಏನು?

ಅಧ್ಯಾಪಕಿ: ಪಾಠ ಬಿಡಬಹುದು ಅಂತ ನಾನು ಹೇಳುವುದಿಲ್ಲ ಸರ್. ಹಿಂದಿನ ವಾರವೇ ತಿಳಿಸಿರುತ್ತೇನೆ: ಮುಂದಿನ ಮಂಗಳವಾರ ಈ ವಿಷಯ, ಇಷ್ಟು ಹೊತ್ತು, ಇಂಥ ಚಿತ್ರಗಳಿರುತ್ತವೆ, ಇಂಥವು ಇರುವುದಿಲ್ಲ. ಗಾಯದ ಫೋಟೊ ಬರುವ ಮುಂಚೆ ಬಾಯಲ್ಲಿ ಹೇಳುತ್ತೇನೆ, ಆಮೇಲೆ ತೋರಿಸುತ್ತೇನೆ. ರೇಖಾಚಿತ್ರ ಸಾಕಾಗುವ ಕಡೆ ಫೋಟೊ ಹಾಕುವುದೇ ಇಲ್ಲ. ಉಸಿರು ಕಟ್ಟಿದಂತಾದವರು ಹಿಂದಿನ ಬಾಗಿಲಿನಿಂದ ಹೋಗಿ ನೀರು ಕುಡಿದು ಬರಬಹುದು; ಯಾಕೆ ಹೋದೆ ಅಂತ ಯಾರೂ ಕೇಳುವುದಿಲ್ಲ. ಆ ದಿನ ಕೂರಲೇ ಆಗದವರು ಅದೇ ವಾರ ವಿಭಾಗಕ್ಕೆ ಬಂದು ನನ್ನ ಎದುರಿಗೆ ಕೂತು ಅದೇ ಪಾಠ ಓದುತ್ತಾರೆ. ಪರೀಕ್ಷೆ ಎಲ್ಲರಿಗೂ ಒಂದೇ. ಸಿಲಬಸ್ಸಿನಲ್ಲಿ ಒಂದು ಸಾಲನ್ನೂ ಕಡಿಮೆ ಮಾಡಿಲ್ಲ.

ಸರ್ಜನ್: ಹಾಜರಿಯದೊಂದು ತಕರಾರಿದೆಯಲ್ಲ. ಥಿಯರಿಗೆ ಶೇ. 75, ಪ್ರಾಕ್ಟಿಕಲ್‌ಗೆ ಶೇ. 80. ಇವತ್ತು ನಿಜವಾಗಿ ನೊಂದವಳು ಎದ್ದು ಹೋಗುತ್ತಾಳೆ, ನಾಳೆ ಕ್ಯಾಂಟೀನಿಗೆ ಹೋಗುವವನೂ ಅದೇ ಬಾಗಿಲು ಹಿಡಿಯುತ್ತಾನೆ.

ಅಧ್ಯಾಪಕಿ: ಹಿಡಿಯಲಿ ಸರ್. ಬಾಗಿಲು ಹಾಕಿದರೆ ಅವನು ಕೊನೆಯ ಬೆಂಚಿನಲ್ಲಿ ಫೋನು ನೋಡುತ್ತ ಕೂರುತ್ತಾನೆ, ಅಷ್ಟೇ. ಅವನನ್ನು ಹಿಡಿದು ಕೂರಿಸುವುದಕ್ಕೋಸ್ಕರ ಅವಳ ದಾರಿ ಮುಚ್ಚಲಾರೆ. ಇನ್ನೊಂದು ಮಾತು. ಹೊರಗೆ ಹೋಗಬಹುದು ಅಂತ ಗೊತ್ತಿದ್ದರೆ ಹೆಚ್ಚಿನವರು ಒಳಗೇ ಕೂತಿರುತ್ತಾರೆ.

ಸರ್ಜನ್: ಅಂಥವರು ಎಷ್ಟು ಜನ ಇದ್ದಾರು? 150ರಲ್ಲಿ ಒಬ್ಬರೋ ಇಬ್ಬರೋ.

ಅಧ್ಯಾಪಕಿ: 2007ರಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ ಮಕ್ಕಳ ಮೇಲಿನ ದೌರ್ಜನ್ಯದ ಅಧ್ಯಯನವೊಂದನ್ನು ಹೊರತಂದಿತು. 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಿದ್ದರು. ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯ ಆಗಿದೆ ಎಂದವರು ಶೇ. 53.22, ಅದರಲ್ಲಿ ಗಂಡುಮಕ್ಕಳೂ ಹೆಣ್ಣುಮಕ್ಕಳೂ ಹೆಚ್ಚುಕಡಿಮೆ ಸರಿಸಮ. ಅವರು ಹಲವು ಬಗೆಯ ವರ್ತನೆಗಳನ್ನು ಒಟ್ಟಿಗೆ ಲೆಕ್ಕಕ್ಕೆ ತೆಗೆದುಕೊಂಡಿದ್ದರು, ಒಪ್ಪುತ್ತೇನೆ. ಆ ಸಂಖ್ಯೆಯನ್ನು ಅರ್ಧ ಮಾಡಿ, ಮತ್ತೆ ಅರ್ಧ ಮಾಡಿ. ಆದರೂ ನನ್ನ ಗ್ಯಾಲರಿಯಲ್ಲಿ ಹತ್ತೊಂಬತ್ತು ಇಪ್ಪತ್ತು ಜನ ಉಳಿಯುತ್ತಾರೆ. ಇದು ಒಂದು ಬಗೆಯ ನೋವಿನ ಲೆಕ್ಕ ಮಾತ್ರ. ನೇಣು ನನ್ನ ಪಾಠದಲ್ಲಿ ಬರುತ್ತದೆ, ವಿಷವೂ ಬರುತ್ತದೆ. ಆರ್ಗನೊಫಾಸ್ಫರಸ್ ಕೀಟನಾಶಕ ಕುಡಿದವರ ಲಕ್ಷಣ ಹೇಳಬೇಕು: ಸುರಿಯುವ ಜೊಲ್ಲು, ಸೂಜಿಮೊನೆಯಷ್ಟಾದ ಪಾಪೆ, ಬಾಯಿಂದ ಬೆಳ್ಳುಳ್ಳಿಯಂಥ ವಾಸನೆ. ಆ ವಾಸನೆ ಪುಸ್ತಕ ತೆರೆಯುವ ಮೊದಲೇ ತಮ್ಮ ಮನೆಯ ಪಡಸಾಲೆಯಲ್ಲಿ ಗೊತ್ತಾದ ಮಕ್ಕಳು ಈ ರಾಜ್ಯದ ಯಾವ ಮೆಡಿಕಲ್ ಕಾಲೇಜಿನಲ್ಲಿಲ್ಲ ಹೇಳಿ.

ಸರ್ಜನ್: ಹಾಗಿದ್ದರೆ ಮೊದಲೇ ಒಂದು ಫಾರ್ಮ್ ತುಂಬಿಸಿ, ಯಾರ್‍ಯಾರು ಅಂತ ತಿಳಿದುಕೊಂಡು, ಅವರಿಗಷ್ಟೇ ಬೇರೆ ವ್ಯವಸ್ಥೆ ಮಾಡಬಹುದಲ್ಲ.

ಅಧ್ಯಾಪಕಿ: ಅದನ್ನು ಮಾತ್ರ ಮಾಡಬಾರದು. ಎಚ್‌ಐವಿ ಹೊಸದಾಗಿ ಕೇಳಿಬಂದ ಕಾಲದಲ್ಲಿ ಥಿಯೇಟರಿನಲ್ಲಿ ಯಾರಿಗಿದೆ, ಯಾರಿಗಿಲ್ಲ ಅಂತ ಹುಡುಕುವ ಗಡಿಬಿಡಿ ಇತ್ತು ಅಂತ ನೀವೇ ಹೇಳಿದ್ದಿರಿ. 1980ರ ದಶಕ ಮುಗಿಯುವ ಹೊತ್ತಿಗೆ ನಿಯಮ ಬಂತು: ಯಾರನ್ನೂ ಗುರುತಿಸಲು ಹೋಗಬೇಡಿ, ಎಲ್ಲರ ರಕ್ತವನ್ನೂ ಒಂದೇ ಜಾಗ್ರತೆಯಿಂದ ಮುಟ್ಟಿ, ಯಾರನ್ನು ಮುಟ್ಟುವಾಗಲೂ ಗ್ಲೌಸ್ ಹಾಕಿಕೊಳ್ಳಿ. ಪಾಠದಲ್ಲೂ ನಾನು ಅದನ್ನೇ ಮಾಡುತ್ತಿದ್ದೇನೆ. ನಿನಗೆ ಏನಾಗಿತ್ತು ಅಂತ ಯಾರನ್ನೂ ಕೇಳುವುದಿಲ್ಲ. ಕೇಳುವ ಹಕ್ಕೂ ನನಗಿಲ್ಲ, ಕೇಳಿದ ಮೇಲೆ ನಿಭಾಯಿಸುವ ತರಬೇತಿಯೂ ಇಲ್ಲ. ನಾನು ಕೌನ್ಸೆಲರ್ ಅಲ್ಲ. ತಾನಾಗಿ ಬಂದು ಹೇಳಿಕೊಂಡರೆ ಕೇಳಿಸಿಕೊಳ್ಳುತ್ತೇನೆ, ನಂಬುತ್ತೇನೆ, ಮನೋವೈದ್ಯರ ಹತ್ತಿರ ಕಳಿಸಿಕೊಡುತ್ತೇನೆ. ‘ಟೆಲಿ ಮಾನಸ್’ ಸಹಾಯವಾಣಿಯ ಸಂಖ್ಯೆ 14416 ಮೊದಲ ಸ್ಲೈಡಿನಲ್ಲೇ ಇರುತ್ತದೆ. ಹೇಳಿಕೊಳ್ಳುವುದಕ್ಕೆ ಬಾಯಿ ತೆರೆಯುವ ಮುಂಚೆಯೇ ಇನ್ನೊಂದು ವಿಷಯ ತಿಳಿಸಿಬಿಡುತ್ತೇನೆ. ಮೊದಲ ವರ್ಷಕ್ಕೆ ಬರುವವರಲ್ಲಿ ಕೆಲವರಿಗೆ ಇನ್ನೂ 17. ಹದಿನೆಂಟು ತುಂಬದವರ ಮೇಲಾದ ಲೈಂಗಿಕ ಅಪರಾಧ ಗೊತ್ತಾದರೆ ವರದಿ ಮಾಡಲೇಬೇಕು ಅನ್ನುತ್ತದೆ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್. ‘ಯಾರಿಗೂ ಹೇಳುವುದಿಲ್ಲ’ ಅಂತ ಭರವಸೆ ಕೊಟ್ಟು, ಎಲ್ಲವನ್ನೂ ಕೇಳಿಸಿಕೊಂಡು, ಆಮೇಲೆ ಕಾನೂನು ಅಂದರೆ ಆ ಮಗು ಇನ್ನು ಯಾರನ್ನೂ ನಂಬುವುದಿಲ್ಲ.

ಸರ್ಜನ್: ಇದೆಲ್ಲ ಅಮೆರಿಕದ ಸರಕು ಅಂತ ನಮ್ಮ ವಿಭಾಗದವರು ಅನ್ನುತ್ತಾರೆ.

ಅಧ್ಯಾಪಕಿ: ಮೊದಲು ಬರೆದಿಟ್ಟವರು ಅವರೇ. ಸ್ಯಾನ್ ಡಿಯಾಗೊದಲ್ಲಿ ವಿನ್ಸೆಂಟ್ ಫೆಲಿಟಿ ಬೊಜ್ಜು ಇಳಿಸುವ ಕ್ಲಿನಿಕ್ ನಡೆಸುತ್ತಿದ್ದರು. ತೂಕ ಚೆನ್ನಾಗಿ ಇಳಿಯುತ್ತಿದ್ದವರೇ ಬರುವುದನ್ನು ಬಿಟ್ಟುಬಿಡುತ್ತಿದ್ದರು. ಯಾಕೆಂದು ವಿಚಾರಿಸುತ್ತ ಹೋದಾಗ ಹಲವರ ಬಾಲ್ಯದಲ್ಲಿ ಲೈಂಗಿಕ ದೌರ್ಜನ್ಯ ಸಿಕ್ಕಿತು. ರಾಬರ್ಟ್ ಆಂಡಾ ಜೊತೆ ಸೇರಿ 1998ರಲ್ಲಿ ಅವರು ಪ್ರಕಟಿಸಿದ ಅಧ್ಯಯನ, ಬಾಲ್ಯದ ಕಷ್ಟಗಳು ಹೆಚ್ಚಿದಷ್ಟೂ ದೊಡ್ಡವರಾದ ಮೇಲೆ ಹೃದ್ರೋಗ, ಖಿನ್ನತೆ, ಆತ್ಮಹತ್ಯೆಯ ಯತ್ನ ಹೆಚ್ಚುತ್ತವೆ ಅಂತ ತೋರಿಸಿತು. 2014ರಲ್ಲಿ ಅಲ್ಲಿನ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆಯೊಂದು, ನೊಂದವರ ಜೊತೆ ಕೆಲಸ ಮಾಡುವ ಯಾವುದೇ ಸಂಸ್ಥೆ ಹೇಗೆ ನಡೆದುಕೊಳ್ಳಬೇಕು ಅಂತ ಆರು ಸೂತ್ರ ಬರೆಯಿತು. ಸುರಕ್ಷತೆ, ಮುಚ್ಚುಮರೆಯಿಲ್ಲದಿರುವುದು, ಆಯ್ಕೆಗೆ ಅವಕಾಶ, ಹೀಗೆ. ಸೂತ್ರ ಅಲ್ಲಿಯದಾದರೂ ನೋವು ನಮ್ಮಲ್ಲೇ ಇದೆಯಲ್ಲ ಸರ್.

ಸರ್ಜನ್: ನಮ್ಮ ಕಡೆಯದೇ ಒಂದು ಉದಾಹರಣೆ ಕೊಡುತ್ತೇನೆ, ಅದಕ್ಕೆ ಉತ್ತರ ಹೇಳು. 2010ರಲ್ಲಿ ಬೆಳಗಾವಿಯ ಆಯುರ್ವೇದ ಕಾಲೇಜಿನಲ್ಲಿ ಡಾ. ಮಹಾಂತೇಶ ರಾಮಣ್ಣವರ ವಿದ್ಯಾರ್ಥಿಗಳ ಎದುರಿಗೆ ಸ್ವಂತ ತಂದೆಯ ದೇಹವನ್ನೇ ಡಿಸೆಕ್ಷನ್ ಮಾಡಿ ಪಾಠ ಹೇಳಿದರು. ಅಂಥ ಮಣ್ಣಿನಲ್ಲಿ ನಿಂತು ನಾವು ಫಾರ್ಮಾಲಿನ್ ವಾಸನೆಗೆ ತಲೆ ಸುತ್ತುವ ಹುಡುಗರಿಗೆ ಹೊರಗೆ ಹೋಗು ಅನ್ನಬೇಕೇ?

ಅಧ್ಯಾಪಕಿ: ಆ ಘಟನೆ ನೆನೆದರೆ ನನಗೂ ಕೈ ಮುಗಿಯಬೇಕು ಅನ್ನಿಸುತ್ತದೆ. ಆದರೆ ಅದು ಹೇಗೆ ನಡೆಯಿತು ನೋಡಿ. ತಂದೆಯೇ ಬಯಸಿ ದೇಹ ದಾನ ಮಾಡಿದ್ದರು. ಮಗ ಆ ಮಾತನ್ನು ಒಪ್ಪಿಕೊಂಡಿದ್ದರು. ತೀರಿಹೋಗಿ ಎರಡು ವರ್ಷದಷ್ಟು ಕಾಲ ಕಳೆದಿತ್ತು. ಏನು ಮಾಡಲಿದ್ದೇನೆ, ಯಾವತ್ತು, ಯಾರ ಎದುರಿಗೆ, ಎಲ್ಲವೂ ಆ ಮಗನಿಗೆ ಗೊತ್ತಿತ್ತು. ಯಾರೂ ಅವರನ್ನು ಎಳೆದುಕೊಂಡು ಹೋಗಿ ಮೇಜಿನ ಮುಂದೆ ನಿಲ್ಲಿಸಿರಲಿಲ್ಲ. ಕಳೆದ ತಿಂಗಳು ಅಪ್ಪನನ್ನು ಸುಟ್ಟು ಬಂದ ಹದಿನೆಂಟರ ಹುಡುಗನಿಗೆ ಇದರಲ್ಲಿ ಒಂದಾದರೂ ಇದೆಯೇ? ಮೊದಲ ದಿನವೇ ಮುಸುಕು ತೆಗೆದು, ನಡುಗುವವನನ್ನು ನೋಡಿ ಹಿಂದಿನವರು ನಗುವುದನ್ನು ನಾವೆಲ್ಲ ಕಂಡಿದ್ದೇವೆ. ಈಗಿನ ಪಠ್ಯಕ್ರಮದಲ್ಲಿ ಶವವನ್ನು ಮೊದಲ ಗುರು ಅಂತ ಕರೆದು, ಅದಕ್ಕಾಗಿಯೇ ಒಂದು ಮಾಡ್ಯೂಲ್ ಇಟ್ಟಿದ್ದಾರೆ. ಅದನ್ನು ಪ್ರತಿಜ್ಞೆ ಓದಿಸಿ ಮುಗಿಸುವ ಕಾಲೇಜುಗಳೂ ಇವೆ. ಓದಿಸುವ ಮುಂಚೆ ಹಾಲ್ ತೋರಿಸಿ, ವಾಸನೆ ಹೇಗಿರುತ್ತದೆ ಹೇಳಿ, ಇತ್ತೀಚೆಗೆ ಮನೆಯಲ್ಲಿ ಸಾವಾಗಿದ್ದರೆ ಮೊದಲ ವಾರ ಬಾಗಿಲ ಹತ್ತಿರದ ಮೇಜಿಗೆ ಬನ್ನಿ, ಕಾರಣ ಹೇಳಬೇಕಿಲ್ಲ ಅನ್ನಿ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ಸರ್ಜನ್: ಡಿಸೆಕ್ಷನ್ ಹಾಲ್ ಬಿಡು. ನನ್ನ ಚಿಂತೆ ಸರ್ಜರಿಯದು. ರಕ್ತ ಚಿಮ್ಮುತ್ತಿರುವಾಗ ಕೈ ನಡುಗಬಾರದು. ಒತ್ತಡದಲ್ಲಿ ಬೆಳೆಯದವನು ಒತ್ತಡದಲ್ಲಿ ನಿಲ್ಲುವುದಿಲ್ಲ. ರೌಂಡ್ಸಿನಲ್ಲಿ ನನ್ನ ಚೀಫ್ ಎಲ್ಲರೆದುರು ಕೇಸ್ ಶೀಟ್ ಎಸೆದವರೇ. ಹಾಗೇ ನಾವು ತಯಾರಾದೆವು.

ಅಧ್ಯಾಪಕಿ: ಅವರು ಕೇಸ್ ಶೀಟ್ ಎಸೆದ ಆ ರೋಗಿ ಯಾರು, ಏನು ಕಾಯಿಲೆ, ನೀವು ಬರೆದದ್ದರಲ್ಲಿ ತಪ್ಪೇನಿತ್ತು, ನೆನಪಿದೆಯೇ ಸರ್?

ಸರ್ಜನ್: ರೋಗಿ ನೆನಪಿಲ್ಲ. ಯಾರ್‍ಯಾರು ನಗುತ್ತಿದ್ದರು ಅನ್ನುವುದು ನೆನಪಿದೆ.

ಅಧ್ಯಾಪಕಿ: ಗಂಟು ಹಾಕುವುದು ಕಲಿಸಿದವರೂ ಅವರೇ ಅಲ್ಲವೇ?

ಸರ್ಜನ್: ಅವರೇ. ರಾತ್ರಿ ಹತ್ತು ಗಂಟೆಯವರೆಗೆ ಕುರ್ಚಿಯ ಕಾಲಿಗೆ ದಾರ ಕಟ್ಟಿಸಿ, ಬಿಚ್ಚಿಸಿ, ಮತ್ತೆ ಕಟ್ಟಿಸುತ್ತಿದ್ದರು. ಸರಿಯಾಗುವವರೆಗೆ ಬಿಡುತ್ತಿರಲಿಲ್ಲ. ಒಂದು ಕೆಟ್ಟ ಮಾತೂ ಆಡುತ್ತಿರಲಿಲ್ಲ ಆಗ.

ಅಧ್ಯಾಪಕಿ: ಅದು ಕಠಿಣವಾದ ಕಲಿಕೆ. ಅಂಥದ್ದು ಎಷ್ಟು ಬೇಕಾದರೂ ಇರಲಿ. ಕೆಲಸದ ಕಷ್ಟ ಕೆಲಸವೇ ಕೊಡುತ್ತದೆ, ಅದನ್ನು ಹೊರುವುದನ್ನು ನಾವು ಹಂತಹಂತವಾಗಿ ಕಲಿಸಬೇಕು. ಅವಮಾನ ಬೇರೆಯೇ. ನಾಲ್ಕು ಜನರೆದುರು ಹೀನಾಯವಾದಾಗ ಹುಡುಗರ ಗಮನವೆಲ್ಲ ಎದುರಿಗಿರುವ ಬೈಗುಳದ ಮೇಲೇ ನೆಟ್ಟುಹೋಗುತ್ತದೆ, ಮಂಚದ ಮೇಲಿರುವ ರೋಗಿ ಕಾಣುವುದಿಲ್ಲ. ಹಿಂದೆ ಮನೆಯಲ್ಲಿ ಪೆಟ್ಟು ತಿಂದು ಬೆಳೆದವನಾದರೆ ಗೊತ್ತಿರುವ ಉತ್ತರವೂ ಬಾಯಿಗೆ ಬರುವುದಿಲ್ಲ. ನಾವು ಓದಿಲ್ಲ ಅಂತ ಬರೆದುಕೊಳ್ಳುತ್ತೇವೆ.

ರೋಗಿಯ ದೃಷ್ಟಿಯಿಂದಲೇ ನೋಡಿ. ನಸುಕಿನ ಮೂರು ಗಂಟೆಗೆ ಇಂಟರ್ನ್ ಕೈಗೆ ಸೂಜಿ ಚುಚ್ಚುತ್ತದೆ. ಎಚ್‌ಐವಿ ತಡೆಯುವ ಮಾತ್ರೆ ಎರಡು ಗಂಟೆಯೊಳಗೆ ಶುರುವಾದರೆ ಒಳ್ಳೆಯದು, 72 ಗಂಟೆ ದಾಟಿದರೆ ಉಪಯೋಗವಿಲ್ಲ. ಇದು ಅವನಿಗೆ ಗೊತ್ತು, ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದಾನೆ. ಆದರೂ ಬೆಳಗಿನ ರೌಂಡ್ಸ್ ಮುಗಿಯುವವರೆಗೆ ಬಾಯಿ ಬಿಡುವುದಿಲ್ಲ, ಯಾಕೆಂದರೆ ‘ಸೂಜಿ ಹಿಡಿಯಲು ಬಾರದವನು’ ಅನ್ನಿಸಿಕೊಳ್ಳುವ ಭಯ. ಕೈ ಚುಚ್ಚಿಕೊಂಡದ್ದನ್ನೇ ಮುಚ್ಚಿಡುವವನು ರೋಗಿಗೆ ಔಷಧದ ಪ್ರಮಾಣ ತಪ್ಪಿ ಕೊಟ್ಟದ್ದನ್ನು ಹೇಳುತ್ತಾನೆಯೇ? ಏಮಿ ಎಡ್ಮಂಡ್‌ಸನ್ ಎಂಬ ಸಂಶೋಧಕಿ ಅಮೆರಿಕದ ಆಸ್ಪತ್ರೆಗಳಲ್ಲಿ ಔಷಧದ ತಪ್ಪುಗಳನ್ನು ಅಧ್ಯಯನ ಮಾಡಿ 1996ರಲ್ಲಿ ಪ್ರಕಟಿಸಿದರು. ಒಳ್ಳೆಯ ಮೇಲ್ವಿಚಾರಕರಿರುವ ವಾರ್ಡುಗಳಲ್ಲಿ ತಪ್ಪು ಕಡಿಮೆ ಇರುತ್ತದೆ ಅಂತ ಅವರ ನಿರೀಕ್ಷೆ. ವರದಿಯಾದ ತಪ್ಪುಗಳು ಅಲ್ಲೇ ಹೆಚ್ಚಿದ್ದವು. ಒಳಹೊಕ್ಕು ನೋಡಿದರೆ, ಅಲ್ಲಿನ ನರ್ಸುಗಳು ತಪ್ಪಾಯಿತು ಅಂತ ಹೇಳಲು ಹೆದರುತ್ತಿರಲಿಲ್ಲ. ಉಳಿದ ಕಡೆ ತಪ್ಪುಗಳು ಬೆಳಕಿಗೇ ಬರುತ್ತಿರಲಿಲ್ಲ.

ಸರ್ಜನ್: ಸೂಜಿಯ ಮಾತು ನಿಜ. ಮುಚ್ಚಿಟ್ಟವರನ್ನು ನಾನೂ ಕಂಡಿದ್ದೇನೆ.

ಅಧ್ಯಾಪಕಿ: ಕಂಡು ಕಂಡು ಮರಗಟ್ಟುವುದು ಇದಕ್ಕಿಂತ ದೊಡ್ಡ ಸಂಕಟ. ಮೊದಲ ಸಲ ಲೇಬರ್ ರೂಂ ಪೋಸ್ಟಿಂಗ್ ಮುಗಿಸಿ ಬಂದ ಹುಡುಗಿಯೊಬ್ಬಳು ನನ್ನ ಹತ್ತಿರ ಕೂತು ಮಾತಾಡಿದಳು. ಮಗು ಹುಟ್ಟುವುದನ್ನು ಜೀವನದಲ್ಲಿ ಮೊದಲ ಬಾರಿ ನೋಡಿದ್ದಾಳೆ. ಅದರ ಬಗ್ಗೆ ಒಂದು ಮಾತಿಲ್ಲ. ನೋವು ತಿನ್ನುತ್ತಿದ್ದ ಹೆಂಗಸಿನ ತೊಡೆಗೆ ಪಿಜಿ ಓದುವ ಡಾಕ್ಟರೊಬ್ಬಳು ಕೊಟ್ಟ ಏಟು, ಆಮೇಲೆ ಕಿವಿಗೆ ಬಿದ್ದ ಬೈಗುಳ, ಪರದೆಯಿಲ್ಲದ ಮಂಚದ ಸುತ್ತ ತಾನೂ ಸೇರಿ ನಿಂತಿದ್ದ ಹತ್ತು ಜನ, ಬರೀ ಅದೇ. ‘ನಾನು ಸುಮ್ಮನೆ ನಿಂತಿದ್ದೆ ಮೇಡಂ’ ಅಂತ ಮತ್ತೆ ಮತ್ತೆ ಹೇಳಿದಳು. ಹೆರಿಗೆಯನ್ನು ಗೌರವದಿಂದ ಮಾಡಿಸಬೇಕು, ಜೊತೆಗೊಬ್ಬರು ಇರಲು ಬಿಡಬೇಕು ಅಂತ ಕೇಂದ್ರ 2017ರಲ್ಲೇ ‘ಲಕ್ಷ್ಯ’ ಕಾರ್ಯಕ್ರಮ ತಂದಿದೆ. ಪೋಸ್ಟರ್ ಗೋಡೆಯ ಮೇಲಿದೆ. ಅದರ ಕೆಳಗೇ ಏಟು ಬಿದ್ದದ್ದು. ಇಂಥದ್ದನ್ನು ನೋಡಿದ ವಿದ್ಯಾರ್ಥಿಗೆ ಮಾತಾಡಲು ಜಾಗ ಸಿಗದಿದ್ದರೆ ಎರಡರಲ್ಲೊಂದು ಆಗುತ್ತದೆ: ಒಳಗೇ ಕೊರಗುತ್ತಾಳೆ, ಇಲ್ಲವೇ ಹೀಗೇ ಇರುತ್ತದೆ ಅಂತ ಒಪ್ಪಿಕೊಂಡು ನಾಲ್ಕು ವರ್ಷದ ನಂತರ ತಾನೇ ಕೈ ಎತ್ತುತ್ತಾಳೆ.

ಸರ್ಜನ್: ಏಟು ಕೊಟ್ಟ ಆ ಪಿಜಿ ಎಷ್ಟು ಹೊತ್ತಿನಿಂದ ನಿದ್ದೆ ಮಾಡಿರಲಿಲ್ಲ ಅಂತಲೂ ಕೇಳು. ಅವಳ ಪರ ಮಾತಾಡುತ್ತಿಲ್ಲ ನಾನು. ಆದರೆ ಮೂವತ್ತಾರು ಗಂಟೆ ನಿಂತವಳಿಗೆ ಕರುಣೆಯ ಪಾಠ ಹೇಳುವುದು ಅನ್ಯಾಯ.

ಅಧ್ಯಾಪಕಿ: ಅನ್ಯಾಯವೇ. ವಾರಕ್ಕೆ 48 ಗಂಟೆ, ಒಂದೇ ಸಮನೆ 12 ಗಂಟೆಗಿಂತ ಹೆಚ್ಚಿಲ್ಲ ಅಂತ 1992ರ ಕೇಂದ್ರದ ರೆಸಿಡೆನ್ಸಿ ಆದೇಶದಲ್ಲಿದೆ. ಎಲ್ಲಿ ಪಾಲನೆಯಾಯಿತು? ವೈದ್ಯಕೀಯ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾರ್ಯಪಡೆ ಮಾಡಿತಲ್ಲ, ನಮ್ಮ ನಿಮ್ಹಾನ್ಸ್‌ನ ಡಾ. ಸುರೇಶ್ ಬಡಾ ಮಠ ಅದರ ಅಧ್ಯಕ್ಷರಾಗಿದ್ದರು. 2024ರ ಅವರ ವರದಿ ವಾರಕ್ಕೆ 74 ಗಂಟೆಗಿಂತ ಹೆಚ್ಚು ದುಡಿಸಬೇಡಿ, ಒಂದು ದಿನ ರಜೆ ಕೊಡಿ ಅಂತ ಕೇಳಿತು. ಎಪ್ಪತ್ತನಾಲ್ಕು ಗಂಟೆ ಅನ್ನುವುದೇ ಸುಧಾರಣೆಯಾಗಿ ಕಾಣುವ ಸ್ಥಿತಿ ನಮ್ಮದು. ಅವರ ಸಮೀಕ್ಷೆಯಲ್ಲಿ ಉತ್ತರಿಸಿದ ಎಂಬಿಬಿಎಸ್ ವಿದ್ಯಾರ್ಥಿಗಳಲ್ಲಿ ಶೇ. 27.8 ಜನ ತಮಗೆ ಮಾನಸಿಕ ಸಮಸ್ಯೆ ಇದೆ ಎಂದರು. ಐದು ಸಾವಿರಕ್ಕೂ ಹೆಚ್ಚು ಪಿಜಿಗಳಲ್ಲಿ ಶೇ. 31ರಷ್ಟು ಜನರಿಗೆ ಸಾಯುವ ಯೋಚನೆ ಬಂದಿತ್ತು.

ಸರ್ಜನ್: ಆನ್‌ಲೈನ್ ಸಮೀಕ್ಷೆ ಅದು. ಕಷ್ಟದಲ್ಲಿದ್ದವರೇ ಹೆಚ್ಚು ಉತ್ತರಿಸಿರುತ್ತಾರೆ.

ಅಧ್ಯಾಪಕಿ: ಇರಬಹುದು. ಆದರೂ ಉತ್ತರಿಸಿದವರಲ್ಲೇ ಸಾವಿರದ ಆರುನೂರಕ್ಕೂ ಹೆಚ್ಚು ಯುವ ವೈದ್ಯರಾದರು ಸರ್. ಶೇಕಡಾವಾರು ಬಿಡಿ, ಅಷ್ಟು ಜನ ಸಾಲದೇ?

ಈ ಎಲ್ಲದರ ಮೇಲೆ ನಮ್ಮದೇ ಆದ ಒಂದು ಗಾಯ ಇದೆ. ‘ನಿನ್ನ ನೀಟ್ ರ್‍ಯಾಂಕ್ ಎಷ್ಟು?’ ಈ ಪ್ರಶ್ನೆ ಯಾಕೆ ಕೇಳುತ್ತಾರೆ ಅಂತ ಕೇಳುವವರಿಗೂ ಗೊತ್ತು, ಕೇಳಿಸಿಕೊಳ್ಳುವವರಿಗೂ ಗೊತ್ತು. ಜಾತಿ ಕೇಳಿದ ಹಾಗಾಗಬಾರದು, ತಿಳಿದ ಹಾಗೂ ಆಗಬೇಕು. 2019ರಲ್ಲಿ ಮುಂಬೈಯಲ್ಲಿ ಆದಿವಾಸಿ ಸಮುದಾಯದ ಪಿಜಿ ಒಬ್ಬಳು ತೀರಿಕೊಂಡಾಗ, ಸೀನಿಯರ್‌ಗಳ ಜಾತಿ ನಿಂದನೆಯೇ ಕಾರಣ ಅಂತ ಅವಳ ತಾಯಿ ದೂರು ಕೊಟ್ಟರು. ಇಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗ ರೋಗಿಯ ಜೊತೆ ಸೊಗಸಾಗಿ ಮಾತಾಡಿ, ಪೂರ್ತಿ ಹಿಸ್ಟರಿ ತೆಗೆದುಕೊಂಡು ಬರುತ್ತಾನೆ. ಇಂಗ್ಲಿಷಿನಲ್ಲಿ ಪ್ರೆಸೆಂಟ್ ಮಾಡುವಾಗ ಒಂದು ಪದ ತಪ್ಪಿದರೆ ನಗು. ಮುಂದಿನ ಕ್ಲಿನಿಕ್ಕಿನಿಂದ ಅವನು ಹಿಂದಿನ ಸಾಲಿಗೆ ಸರಿಯುತ್ತಾನೆ. ಯಾರಿಗೆ ನಷ್ಟ? ರ್‍ಯಾಂಕ್ ಕೇಳುವುದನ್ನು ನಮ್ಮ ವಿಭಾಗದಲ್ಲಿ ನಿಲ್ಲಿಸಿದ್ದೇವೆ. ಹಿಸ್ಟರಿಯನ್ನು ಮೊದಲು ಕನ್ನಡದಲ್ಲಿ ಹೇಳಬಹುದು, ಆಮೇಲೆ ಇಂಗ್ಲಿಷಿನಲ್ಲಿ.

ಸರ್ಜನ್: ಅದನ್ನು ಎಲ್ಲ ವಿಭಾಗಗಳಲ್ಲೂ ಮಾಡಬಹುದು. ಅದಕ್ಕೆ ನನ್ನ ತಕರಾರಿಲ್ಲ. ಗಂಟೆಗಟ್ಟಲೆ ಕೂತು ಮನಸ್ಸಿನ ಮಾತು ಕೇಳುವುದಕ್ಕೆ ಪುರುಸೊತ್ತು ಎಲ್ಲಿದೆ ಅನ್ನುವುದು ನನ್ನ ಪ್ರಶ್ನೆ.

ಅಧ್ಯಾಪಕಿ: ಗಂಟೆ ಬೇಡ. ಚಿಕ್ಕ ಮಗುವಿನ ಪೋಸ್ಟ್‌ಮಾರ್ಟಂ ಆದ ದಿನ ಕೈ ತೊಳೆದ ಮೇಲೆ ಹತ್ತು ನಿಮಿಷ ಎಲ್ಲರೂ ಹೊರಗೆ ಕೂರುತ್ತೇವೆ. ಇವತ್ತು ಯಾವುದು ಕಷ್ಟವಾಯಿತು ಅಂತ ನಾನು ಮೊದಲು ಹೇಳುತ್ತೇನೆ. ಮಾತಾಡುವವರು ಮಾತಾಡುತ್ತಾರೆ, ಸುಮ್ಮನಿರುವವರು ಸುಮ್ಮನಿರುತ್ತಾರೆ. ಟೇಬಲ್ ಮೇಲೆ ರೋಗಿ ಹೋದ ದಿನ ನಿಮ್ಮ ಥಿಯೇಟರಿನಲ್ಲಿ ಏನು ಮಾಡುತ್ತಾರೆ?

ಸರ್ಜನ್: ಮುಂದಿನ ಕೇಸ್ ತೆಗೆದುಕೊಳ್ಳುತ್ತಾರೆ.

ಅಧ್ಯಾಪಕಿ: ನಾನು ಇದನ್ನೆಲ್ಲ ಶುರು ಮಾಡಿದ್ದು ವಿದ್ಯಾರ್ಥಿಗಳ ಮೇಲಿನ ಮರುಕದಿಂದಷ್ಟೇ ಅಲ್ಲ. ನಾನು ಕಲಿಸುವ ವಿಷಯವೇ ಇದನ್ನು ಕೇಳುತ್ತದೆ. ಅತ್ಯಾಚಾರದ ಕೇಸುಗಳಲ್ಲಿ ಮಾಡುತ್ತಿದ್ದ ಎರಡು ಬೆರಳಿನ ಪರೀಕ್ಷೆ ಮಹಿಳೆಯ ಘನತೆಗೆ ಧಕ್ಕೆ ಅಂತ ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿತು. ಆದರೂ ನಡೆಯುತ್ತಲೇ ಇತ್ತು. 2022ರ ಅಕ್ಟೋಬರ್ 31ರಂದು ಕೋರ್ಟ್ ಮತ್ತೆ ಹೇಳಬೇಕಾಯಿತು: ಮಾಡಿದವರು ದುರ್ನಡತೆಯ ತಪ್ಪಿತಸ್ಥರು, ಮೆಡಿಕಲ್ ಕಾಲೇಜುಗಳ ಪಠ್ಯದಿಂದಲೂ ತೆಗೆಯಿರಿ ಅಂತ. ಆದರೂ 2024ರ ಆಗಸ್ಟ್ ಕೊನೆಯಲ್ಲಿ ವೈದ್ಯಕೀಯ ಆಯೋಗ ಹೊರಡಿಸಿದ ಪಠ್ಯಕ್ರಮದಲ್ಲಿ ಸಲಿಂಗ ಸಂಬಂಧ ಅಪರಾಧಗಳ ಪಟ್ಟಿಗೆ ಮರಳಿತ್ತು, ಕನ್ಯಾಪೊರೆಯ ಮಹತ್ವವೂ ಮರಳಿತ್ತು. ವಿರೋಧ ಬಂದು ವಾರದೊಳಗೆ ಹಿಂತೆಗೆದುಕೊಂಡರು. ಆ ಪುಟ ಓದಿಕೊಂಡು ನನ್ನ ತರಗತಿಯಲ್ಲಿ ಕೂರಬೇಕಾಗಿದ್ದ ಸಲಿಂಗಿ ವಿದ್ಯಾರ್ಥಿಯನ್ನು ನೆನೆಯಿರಿ. ಅವನ ಬದುಕನ್ನೇ ಅಪರಾಧ ಅಂತ ನಾನು ಬೋರ್ಡಿನ ಮೇಲೆ ಬರೆಯಬೇಕಿತ್ತು.

ಒಳ್ಳೆಯ ದಾಖಲೆಯೂ ನಮ್ಮಲ್ಲಿದೆ. ಲೈಂಗಿಕ ಹಿಂಸೆಗೆ ಒಳಗಾದವರ ವೈದ್ಯಕೀಯ ತಪಾಸಣೆಗೆ ಆರೋಗ್ಯ ಸಚಿವಾಲಯ 2014ರಲ್ಲಿ ಮಾರ್ಗಸೂಚಿ ಕೊಟ್ಟಿದೆ. ಏನು ಮಾಡುತ್ತೇನೆ ಅಂತ ಮೊದಲು ಹೇಳಬೇಕು. ತಪಾಸಣೆಗೆ, ಸಾಕ್ಷ್ಯ ಸಂಗ್ರಹಕ್ಕೆ, ಪೊಲೀಸರಿಗೆ ತಿಳಿಸುವುದಕ್ಕೆ, ಪ್ರತಿಯೊಂದಕ್ಕೂ ಬೇರೆ ಬೇರೆಯಾಗಿ ಕೇಳಬೇಕು. ಯಾವ ಹಂತದಲ್ಲಾದರೂ ಬೇಡ ಅನ್ನಬಹುದು; ಬೇಡ ಅಂದರೂ ಚಿಕಿತ್ಸೆ ನಿಲ್ಲಕೂಡದು. ಇದನ್ನು ಬೋರ್ಡಿನ ಮೇಲೆ ಬರೆಯುತ್ತಲೇ, ತರಗತಿಯಲ್ಲಿ ಹೇಳದೆ ಕೇಳದೆ ಫೋಟೊ ತೋರಿಸಿ ಬಾಗಿಲು ಹಾಕಿದರೆ ಮಕ್ಕಳು ಯಾವುದನ್ನು ಕಲಿಯುತ್ತಾರೆ ಸರ್?

ಸರ್ಜನ್: ಪರೀಕ್ಷೆಯಲ್ಲಿ ಇದನ್ನು ಹೇಗೆ ನೋಡುತ್ತೀ? ಬಾಯಿಪಾಠ ಒಪ್ಪಿಸಿಬಿಡುತ್ತಾರೆ.

ಅಧ್ಯಾಪಕಿ: ಪ್ರಾಕ್ಟಿಕಲ್‌ನಲ್ಲಿ ಒಂದು ಸ್ಟೇಷನ್ ಇಟ್ಟಿದ್ದೇವೆ. ರೋಗಿಯ ಜಾಗದಲ್ಲಿ ನಾನು ಕೂರುತ್ತೇನೆ, ವಿದ್ಯಾರ್ಥಿಗಳಲ್ಲಿ ಯಾರಿಗೂ ಆ ಪಾತ್ರ ಕೊಡುವುದಿಲ್ಲ. ಹೆಸರು ಹೇಳಿಕೊಂಡು, ಕೂತು, ಒಪ್ಪಿಗೆ ಕೇಳಬೇಕು. ನಡುವೆ ನಾನು ‘ಸಾಕು’ ಅನ್ನುತ್ತೇನೆ. ಅಲ್ಲಿ ನಿಲ್ಲಿಸದವರಿಗೆ ಅಂಕವಿಲ್ಲ. ಬಾಯಿಪಾಠ ಮಾಡಿದವರು ಅಲ್ಲೇ ಸಿಕ್ಕಿಬೀಳುತ್ತಾರೆ, ಮಾತು ಮುಗಿಸುವ ಅವಸರ ಅವರಿಗೆ.

ಸರ್ಜನ್: ಗುರುವಾರ ನನ್ನ ಕ್ಲಿನಿಕ್. ಹರ್ನಿಯಾ ಕೇಸ್ ಇರುತ್ತದೆ, ಒಂದು ಮಂಚಕ್ಕೆ ಹನ್ನೆರಡು ಜನ ವಿದ್ಯಾರ್ಥಿಗಳು. ಎಲ್ಲರೂ ಕೈಯಿಟ್ಟು ನೋಡಿಯೇ ಕಲಿಯಬೇಕು. ಅಲ್ಲಿ ಏನು ಮಾಡುವುದು ಹೇಳು.

ಅಧ್ಯಾಪಕಿ: ಪರದೆ ಎಳೆಯಿರಿ. ರೋಗಿಯನ್ನು ಹೆಸರು ಹಿಡಿದು ಕರೆದು, ಇವರು ಓದುವ ಮಕ್ಕಳು, ಕಲಿಯಲು ಮುಟ್ಟಿ ನೋಡಬೇಕು, ನೀವು ಒಪ್ಪಿದರೆ ಮಾತ್ರ ಅಂತ ಕನ್ನಡದಲ್ಲಿ ಕೇಳಿ. ಇಬ್ಬಿಬ್ಬರನ್ನೇ ಒಳಗೆ ಬಿಡಿ. ಉಳಿದವರು ಹೊರಗೆ ಎಕ್ಸ್‌ರೇ ಓದಲಿ. ನಾಲ್ಕನೆಯವನ ಹೊತ್ತಿಗೆ ಮತ್ತೊಮ್ಮೆ ಕೇಳಿ.

ಸರ್ಜನ್: ಬೇಡ ಅಂದರೆ?

ಅಧ್ಯಾಪಕಿ: ಬಟ್ಟೆ ಸರಿಪಡಿಸಿಕೊಳ್ಳಲು ಬಿಟ್ಟು, ಅವರಿಗೆ ಥ್ಯಾಂಕ್ಸ್ ಹೇಳಿ, ಮುಂದಿನ ಮಂಚಕ್ಕೆ ಹೋಗಿ ಅಲ್ಲೂ ಕೇಳಬೇಕು ಸರ್.